ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಸಿವಿಲ್ ಕಂಟ್ರಾಕ್ಟ್ ಆಫೀಸು. ಎಲ್ಲ ಸೈಟುಗಳ ಕೆಲಸ ರೆಡ್‌ಮೈನ್ ಎಂಬ ಪ್ರಾಜೆಕ್ಟ್ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿದೆ. ಒಬ್ಬ ಸೈಟ್ ಎಂಜಿನಿಯರ್ ಕೆಲಸ ಬಿಟ್ಟರು. ಇನ್ನು ಮೇಲೆ ಎಲ್ಲರೂ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಅಂತ ರೂಲ್ ಮಾಡ್ತಿದ್ದೇವೆ. ಸರಿನಾ ಸರ್?

ಬೇಡ. ಇದೇ ಪ್ರಶ್ನೆ ಪಿ.ಜೆ. ಬಡಾವಣೆಯಿಂದ ಬರುತ್ತದೆ, ವಿದ್ಯಾನಗರದಿಂದ ಬರುತ್ತದೆ, ಈಚೆಗೆ ಹರಿಹರದಿಂದಲೂ ಬಂತು. ಉತ್ತರ ಮಾತ್ರ ಬದಲಾಗಿಲ್ಲ.

ಬಿಟ್ಟುಹೋದವರ ವಿಷಯ ಮೊದಲು ಮುಗಿಸೋಣ. ಅವರ ಖಾತೆಯನ್ನು ಲಾಕ್ ಮಾಡಿ, ಡಿಲೀಟ್ ಮಾಡಬೇಡಿ. ಡಿಲೀಟ್ ಮಾಡಿದರೆ, ಅವರು ಬರೆದದ್ದನ್ನೆಲ್ಲ ರೆಡ್‌ಮೈನ್ ಅನಾಮಧೇಯ ಖಾತೆಗೆ ಹಾಕುತ್ತದೆ. ನಾಳೆ ಬಿಲ್ ತಕರಾರು ಬಂದಾಗ ಸ್ಲ್ಯಾಬ್ ಹಾಕಿದ ದಿನ ಎಂಟ್ರಿ ಮಾಡಿದ್ದು ಯಾರು ಅಂತ ಯಾರನ್ನು ಕೇಳುತ್ತೀರಿ? ಅವರಿಗೆ ಗೊತ್ತಿದ್ದ ಸಾಮೂಹಿಕ ಪಾಸ್‌ವರ್ಡ್ ಏನಾದರೂ ಇದ್ದರೆ ಅದನ್ನು ಇವತ್ತೇ ಬದಲಿಸಿ.

ಇನ್ನು ಆ ತಿಂಗಳ ಲೆಕ್ಕ. ರೂಲ್ ಬಂದ ಮೇಲೆ ಜನ ಏನು ಮಾಡುತ್ತಾರೆ? ಜೂನ್‌ನಲ್ಲಿ 'ದಾವಣಗೆರೆ@6', ಜುಲೈನಲ್ಲಿ 'ದಾವಣಗೆರೆ@7'. ನಗಬೇಡಿ, ನಿಮ್ಮ ಆಫೀಸಿನಲ್ಲೂ ಇದೇ ಇರುತ್ತದೆ. ಜೂನ್‌ನದು ಗೊತ್ತಿದ್ದವನಿಗೆ ಆಗಸ್ಟ್‌ನದು ಹೇಳಿಕೊಡಬೇಕಾ? ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನೇ ಪರೀಕ್ಷಿಸಿದರು. ಹಳೆಯ ಪಾಸ್‌ವರ್ಡ್ ಗೊತ್ತಿದ್ದರೆ ನೂರರಲ್ಲಿ 17 ಖಾತೆಗಳ ಮುಂದಿನ ಪಾಸ್‌ವರ್ಡ್ ಐದು ಊಹೆಯೊಳಗೆ ಸಿಕ್ಕಿತು.

ಆಗಾಗ ಬದಲಿಸಿ ಎಂಬ ಸಲಹೆ ಜಗತ್ತಿಗೆಲ್ಲ ಹರಡಿದ್ದು ಹೆಚ್ಚಾಗಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2004ರಲ್ಲಿ ಹೊರಡಿಸಿದ ಕೈಪಿಡಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಬರೆದದ್ದಕ್ಕೆ ಪಶ್ಚಾತ್ತಾಪವಿದೆ ಎಂದರು. ಅದೇ ವರ್ಷ ನಿಸ್ಟ್ ತನ್ನ ಸಲಹೆಯನ್ನು ತಿರುಗಿಸಿತು: ಪಾಸ್‌ವರ್ಡ್ ಸೋರಿದ ಸುಳಿವು ಸಿಕ್ಕರೆ ಬದಲಿಸಿ, ಸುಮ್ನೆ ಅವಧಿ ಮುಗಿಯಿತು ಅಂತ ಬೇಡ. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ವಿಂಡೋಸ್‌ಗೆ ತಾನು ಕೊಡುವ ಸುರಕ್ಷತಾ ಸಲಹೆಗಳಿಂದ ಈ ನಿಯಮ ತೆಗೆಯಿತು. ಇಷ್ಟಾದರೂ 'ನಮ್ಮ ಬ್ಯಾಂಕ್‌ನವರು ಬದಲಿಸು ಅಂತಾರಲ್ಲ ಸರ್' ಅನ್ನುವವರಿದ್ದಾರೆ. ಬ್ಯಾಂಕಿನ ರೂಲ್ ಬ್ಯಾಂಕಿಗೆ ಪಾಲಿಸಿ. ಅದನ್ನು ನಿಮ್ಮ ಸೈಟ್ ಸೂಪರ್‌ವೈಸರ್ ತಲೆಗೆ ಯಾಕೆ ಕಟ್ಟುತ್ತೀರಿ? ಅವರು ಅದನ್ನು ಸಿಮೆಂಟ್ ರಿಜಿಸ್ಟರಿನ ಹಿಂದಿನ ರಟ್ಟಿನ ಮೇಲೆ ಬರೆದಿಡುತ್ತಾರೆ, ಅಷ್ಟೇ.

ಪಾಸ್‌ವರ್ಡ್ ಉದ್ದ ಇರಲಿ, 15 ಅಕ್ಷರಕ್ಕಿಂತ ಕಡಿಮೆ ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಜೋಡಿಸಿ. ಬೆಣ್ಣೆದೋಸೆ, ಮಂಡಕ್ಕಿ, ಮಿರ್ಚಿ ಸೇರಿಸಿದರೆ ಈ ಊರಲ್ಲಿ ಮಗುವೂ ಊಹಿಸುತ್ತದೆ. ಮೊಬೈಲಿನ ಎರಡನೇ ಹಂತದ ಕೋಡ್ ಹಾಕಿಕೊಳ್ಳಿ. ಒಬ್ಬರಿಗೆ ಒಂದೇ ಲಾಗಿನ್.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮಲ್ಲಿ ಅಡ್ಮಿನ್ ಹಕ್ಕು, ಅಂದರೆ ಎಲ್ಲವನ್ನೂ ಬದಲಿಸುವ ಅಧಿಕಾರ, ಎಷ್ಟು ಜನರಿಗಿದೆ? ಬಹಳ ಆಫೀಸುಗಳಲ್ಲಿ ಸಾಹುಕಾರರಿಗೆ ಮರ್ಯಾದೆಗೆ ಅಂತ, ಅವರ ಅಳಿಯನಿಗೆ ಬೇಜಾರಾಗಬಾರದು ಅಂತ, ಅಕೌಂಟೆಂಟ್‌ಗೆ ರಿಪೋರ್ಟ್ ಬೇಕು ಅಂತ ಕೊಟ್ಟಿರುತ್ತಾರೆ. ರಿಪೋರ್ಟ್ ನೋಡಲು ಅಡ್ಮಿನ್ ಆಗಬೇಕಿಲ್ಲ. ರೆಡ್‌ಮೈನ್‌ನಲ್ಲಿ ಪಾತ್ರ, ಅಂದರೆ ಯಾರು ಏನು ಮಾಡಬಹುದು ಎಂಬ ಹಕ್ಕು, ಕೊಡುವುದು ಒಂದೊಂದು ಪ್ರಾಜೆಕ್ಟಿಗೆ ಬೇರೆ ಬೇರೆ. ಹರಿಹರದ ಸೈಟಿಗೆ ಮ್ಯಾನೇಜರ್ ಆದವರು ಜಗಳೂರಿನ ಸೈಟಿನಲ್ಲಿ ಬರೀ ನೋಡುವವರಾಗಿರಬಹುದು. ಸಾಹುಕಾರರಿಗೆ ಎಲ್ಲ ಪ್ರಾಜೆಕ್ಟಿನಲ್ಲೂ ನೋಡುವ ಹಕ್ಕು ಕೊಡಿ, ಅವರಿಗೆ ಬೇಕಿರುವುದೂ ಅದೇ. ಅಡ್ಮಿನ್ ಇಬ್ಬರೇ ಇರಲಿ, ಒಬ್ಬರು ರಜೆ ಹೋದಾಗ ಇನ್ನೊಬ್ಬರು. ಅವರೂ ದಿನದ ಎಂಟ್ರಿಗೆ ಬೇರೆ ಸಾಮಾನ್ಯ ಖಾತೆ ಇಟ್ಟುಕೊಳ್ಳಲಿ. ಅಳಿಯನಿಗೆ ಹೇಗೆ ಹೇಳುವುದು ಅಂತ ಮಾತ್ರ ನನ್ನನ್ನು ಕೇಳಬೇಡಿ.