‘ಕ್ವಾಯೆಟ್ ಪ್ಲೀಸ್!’: ಕಾರ್ಟೂನಿನೊಳಗಿನ ಮೌನ ಕಳೆದದ್ದು ಎಲ್ಲಿ?

1945ರ ‘ಕ್ವಾಯೆಟ್ ಪ್ಲೀಸ್!’ ಟಾಮ್ ಅಂಡ್ ಜೆರ್ರಿ ಸರಣಿಗೆ ಸತತ ಮೂರನೇ ಆಸ್ಕರ್ ತಂದ ಕಾರ್ಟೂನು. ಚಿಕ್ಕಂದಿನಲ್ಲಿ ಇದನ್ನು ಟಿವಿಯಲ್ಲಿ ನೋಡಿದವರು ಈಗ ಮತ್ತೆ ನೋಡಿ, ‘ಆಗ ಕೇಳಿದ್ದು ಹೀಗಿರಲಿಲ್ಲವಲ್ಲ’ ಅನ್ನುವುದುಂಟು. ಅದು ಬರೀ ನೆನಪಿನ ದೋಷವಲ್ಲ.

ಕತೆ ಇಷ್ಟೇ: ಇನ್ನೊಂದು ಸದ್ದು ಕೇಳಿದರೆ ಚರ್ಮ ಸುಲಿಯುತ್ತೇನೆಂದು ಟಾಮ್‌ಗೆ ಗದರಿಸಿ ನಾಯಿ ಸ್ಪೈಕ್ ಮಲಗುತ್ತಾನೆ. ಅಲ್ಲಿಂದ ಸದ್ದು ಮಾಡುವುದು ಜೆರ್ರಿಯ ಕೆಲಸ, ತಡೆಯುವುದು ಟಾಮ್‌ನದು. ಬಂದೂಕಿನ ಎರಡೂ ನಳಿಕೆಗೆ ಟಾಮ್ ಬೆರಳು ತುರುಕುತ್ತಾನೆ. ಜೆರ್ರಿ ಎಸೆದ ಬಲ್ಬುಗಳನ್ನು ಒಡೆಯದಂತೆ ಹಿಡಿದರೆ, ಜೆರ್ರಿ ಅವನ ಬಾಲವನ್ನೇ ಪ್ಲಗ್ಗಿಗೆ ಸಿಕ್ಕಿಸುತ್ತಾನೆ. ಬರಬೇಕಾದ ಸದ್ದು ಬಾರದಿರುವುದೇ ಇಲ್ಲಿ ನಗು.

ಆ ಮೌನವನ್ನೂ ಲೆಕ್ಕ ಹಾಕಿಯೇ ಕಟ್ಟುತ್ತಿದ್ದರು. ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿಚಿತ್ರ. 12 ಫ್ರೇಮಿಗೊಂದು ತಾಳವಾದರೆ ನಿಮಿಷಕ್ಕೆ 120, ಎಂಟಕ್ಕಾದರೆ 180. ಸಂಗೀತ ನಿರ್ದೇಶಕ ಸ್ಕಾಟ್ ಬ್ರಾಡ್ಲಿಯ ಸ್ವರಗಳು ಚಿತ್ರದ ಹೆಜ್ಜೆಗೆ ಅಷ್ಟು ಬಿಗಿಯಾಗಿ ಕೂರುವುದು ಈ ಲೆಕ್ಕದಿಂದ.

ತೊಡಕು ಶುರುವಾಗುವುದು ಫಿಲ್ಮಿನಲ್ಲಿ. ಅದರ ಅಂಚಿನ ಕಿರಿದಾದ ಪಟ್ಟಿಯಲ್ಲಿ ಧ್ವನಿ ಅಚ್ಚಾಗಿರುತ್ತದೆ. ಪ್ರೊಜೆಕ್ಟರಿನೊಳಗಿನ ಪುಟ್ಟ ದೀಪದ ಬೆಳಕು ಅದನ್ನು ಹಾದುಹೋಗುತ್ತದೆ, ಆಚೆ ಬದಿಯ ಫೋಟೊಸೆಲ್ ಬೆಳಕಿನ ಏರಿಳಿತವನ್ನು ಹಿಡಿದು ಸದ್ದಾಗಿಸಲು ಕಳಿಸುತ್ತದೆ. ಪಟ್ಟಿಯ ಪಾರದರ್ಶಕ ಭಾಗದಲ್ಲಿ ಗೀರು ಬಿದ್ದರೆ, ಧೂಳು ಕೂತರೆ ಅದೂ ಸದ್ದೇ. ಜೋರು ಸಂಗೀತದಲ್ಲಿ ಅದು ಮುಚ್ಚಿಹೋಗುತ್ತದೆ. ಟಾಮ್ ತುದಿಗಾಲಲ್ಲಿ ನಡೆಯುವಾಗ ಚಟಚಟ ಎಂದು ಮೇಲೆ ಬರುತ್ತದೆ. ಅದಕ್ಕೇ ಸದ್ದಿಲ್ಲದ ಕಡೆ ಆ ಭಾಗವನ್ನು ಕಿರಿದಾಗಿಸುವ, ಇಲ್ಲವೇ ಕಪ್ಪಾಗಿಸುವ ಏರ್ಪಾಡು ಧ್ವನಿಮುದ್ರಣದಲ್ಲೇ ಇತ್ತು. ಆದರೂ ಊರೂರು ತಿರುಗಿದ ಪ್ರಿಂಟಿನಲ್ಲಿ ಮೊದಲು ಹಾಳಾಗುವುದು ಮೌನವೇ.

ಈ ಫಿಲ್ಮುಗಳು ನಮ್ಮ ಟಿವಿಗೆ ಬಂದ ದಾರಿಯೂ ಉದ್ದ. ಇವನ್ನು ತಯಾರಿಸಿದ ಎಂಜಿಎಂ ಕಾರ್ಟೂನ್ ಸ್ಟುಡಿಯೊ 1957ರಲ್ಲಿ ಮುಚ್ಚಿತು, 1978ರಲ್ಲಿ ಅಮೆರಿಕದ ರಾಚೆಸ್ಟರಿನ ಸಂಗ್ರಹಾಗಾರದ ಬೆಂಕಿಯಲ್ಲಿ ಎಂಜಿಎಂನ ನೂರಾರು ನೈಟ್ರೇಟ್ (ಬೇಗ ಹೊತ್ತಿಕೊಳ್ಳುವ ಹಳೆಯ ಫಿಲ್ಮು) ನೆಗೆಟಿವ್‌ಗಳು ಸುಟ್ಟುಹೋದವು, 1986ರಲ್ಲಿ ಎಂಜಿಎಂನ ಹಳೆಯ ಚಿತ್ರಗಳು ಅಮೆರಿಕದ ಟಿವಿ ಉದ್ಯಮಿ ಟೆಡ್ ಟರ್ನರ್ ಕೈಸೇರಿದವು, 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂತು.

ನಮ್ಮಲ್ಲಿದ್ದ ಪಾಲ್ ಎಂಬ ಟಿವಿ ಪ್ರಸಾರ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು. 24ರ ಫಿಲ್ಮನ್ನು ನೇರವಾಗಿ 25ರಲ್ಲಿ ಓಡಿಸಿದರೆ 8 ನಿಮಿಷದಲ್ಲಿ ಸುಮಾರು 19 ಸೆಕೆಂಡ್ ಕಡಿಮೆಯಾಗುತ್ತದೆ, ಶ್ರುತಿಯೂ ಅರ್ಧಸ್ವರದ (ಸೆಮಿಟೋನ್) ಮುಕ್ಕಾಲು ಪಾಲಿಗೆ ತುಸು ಕಡಿಮೆ ಏರುತ್ತದೆ. ಜೊತೆಗೆ ಪ್ರಸಾರದ ಕಂಪ್ರೆಸರ್ ಮೆಲುಸದ್ದನ್ನು ಎತ್ತಿ ಜೋರುಸದ್ದನ್ನು ಅದುಮುತ್ತದೆ. ಪಿಸುಮಾತಿಗೂ ಸ್ಫೋಟಕ್ಕೂ ಅಂತರ ಕುಗ್ಗಿದ ಮೇಲೆ ಸ್ಪೈಕ್ ಏಳುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಆಮೇಲೆ ಡಿಜಿಟಲ್ ಶುದ್ಧೀಕರಣದ ಕಾಲ. ಗೀರು ಅಳಿಸುವ ತಂತ್ರಾಂಶ ಕಲಾವಿದರ ಶಾಯಿಗೆರೆಯನ್ನೇ ಗೀರೆಂದು ತಿಳಿದು ಅಳಿಸಿದ ಉದಾಹರಣೆಗಳು ಹಳೆಯ ಕಾರ್ಟೂನುಗಳ ಡಿವಿಡಿಗಳಲ್ಲಿ ಬೇಕಾದಷ್ಟಿವೆ. ಧ್ವನಿಯಲ್ಲೂ ಅದೇ ಪಾಡು: ಹಿನ್ನೆಲೆಯ ‘ಶ್ಶ್’ ತೆಗೆಯಲು ಹೋದರೆ ಪಿಟೀಲಿನ ತಂತಿ ಮೀಟಿದ ಕೊನೆಯ ಕಂಪನವೂ ಹೋಗುತ್ತದೆ. ಸ್ವಲ್ಪ ‘ಶ್ಶ್’ ಉಳಿಸಿಕೊಳ್ಳುವುದೇ ಮೇಲು. 2011ರ ಬ್ಲೂರೇ ಆವೃತ್ತಿಯಿಂದೀಚೆಗೆ ಚಿತ್ರವಂತೂ ಬಹಳ ಸುಧಾರಿಸಿದೆ.

ಮನೆಯಲ್ಲಿ ನೋಡುವಾಗ, ಸದ್ದಿನ ಅಂತರವನ್ನು ಕುಗ್ಗಿಸುವ ಟಿವಿಯ ನೈಟ್ ಮೋಡ್, ಆಟೊ ವಾಲ್ಯೂಮ್ ಎರಡನ್ನೂ ಆಫ್ ಮಾಡಿ, ಸ್ಪೈಕ್‌ನ ಮಾತು ಹಿತವಾಗಿ ಕೇಳುವಷ್ಟಕ್ಕೆ ವಾಲ್ಯೂಮ್ ಇಡಿ. ಆಮೇಲೆ ಬಂದೂಕಿನ ದೃಶ್ಯ ಬಂದಾಗ ವಾಲ್ಯೂಮ್ ಮುಟ್ಟಬೇಡಿ. ಎರಡು ಸ್ವರಗಳ ನಡುವೆ ‘ಶ್ಶ್’ ಸದ್ದು ಕತ್ತರಿಸಿದಂತೆ ನಿಂತು ಮತ್ತೆ ಶುರುವಾದರೆ, ನಿಮ್ಮ ಪ್ರತಿಯಲ್ಲಿ ಶುದ್ಧೀಕರಣ ಅತಿಯಾಗಿದೆ.