ಡೆಲಿವರಿ ಬೈಕ್ ಗುದ್ದಿದರೆ ಪರಿಹಾರ ಯಾರು ಕೊಡಬೇಕು?

ಈ ಪ್ರಶ್ನೆ ಬಂದರೆ ಮೊದಲು ನೋಡಬೇಕಾದ್ದು ಬೈಕಿನ ಆರ್‌ಸಿ. ಆ್ಯಪ್ ಕಂಪನಿಯ ವಿಷಯ ಆಮೇಲೆ. ನಾನೂ ಶುರುವಿನಲ್ಲಿ ಇದನ್ನು ತಿರುಗಾಮುರುಗಾ ಓದಿಕೊಂಡಿದ್ದೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಜುಲೈ ಸಂಜೆ, ಜಡಿಮಳೆ. ಶಿವಮೊಗ್ಗದ ವಿನೋಬನಗರ ನೂರಡಿ ರಸ್ತೆಯಲ್ಲಿ ಮಂಜು ಊಟದ ಪಾರ್ಸೆಲ್ ಹಾಕಿಕೊಂಡು ಜೋರಾಗಿ ಹೊರಟಿದ್ದಾನೆ. ಬೈಕ್ ಅವನ ಅಣ್ಣನ ಹೆಸರಲ್ಲಿದೆ. ರಸ್ತೆ ದಾಟುತ್ತಿದ್ದ ಸರೋಜಕ್ಕನಿಗೆ ಗುದ್ದುತ್ತಾನೆ. ಅವರಿಗೆ 38 ವರ್ಷ. ಬಟ್ಟೆ ಹೊಲಿದು ತಿಂಗಳಿಗೆ 12,000 ರೂಪಾಯಿ ದುಡಿಯುತ್ತಾರೆ. ಅವರ ಬಲಗೈ ಮಣಿಕಟ್ಟು ಮುರಿದಿದೆ. ಮಂಜುವಿನ ಕಾಲೂ ಮುರಿದಿದೆ.

ಸರೋಜಕ್ಕನ ದಾರಿ ಸ್ವಲ್ಪ ಸಲೀಸು. ತಪ್ಪು ಮಂಜುವಿನದು. ಅಣ್ಣ ಒಪ್ಪಿ ಬೈಕ್ ಕೊಟ್ಟಿದ್ದರಿಂದ ಮಾಲೀಕನಾಗಿ ಅವನೂ ಹೊಣೆ. ಥರ್ಡ್ ಪಾರ್ಟಿ ವಿಮೆ ಇದ್ದರೆ ಆ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗೆ ಅಪಘಾತ ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಕೋರ್ಟಿನ ಕಡೆ ಎಲ್ಲರೂ ಇದನ್ನು ಎಂವಿಸಿ ಕೇಸ್ ಅನ್ನುತ್ತಾರೆ. ಅಪಘಾತ ಆದ ಜಾಗದಲ್ಲೂ ಹಾಕಬಹುದು, ಗಾಯಗೊಂಡವರು ವಾಸವಿರುವ ಜಾಗದಲ್ಲೂ ಹಾಕಬಹುದು. ಬೆಂಗಳೂರಲ್ಲಿ ಪೆಟ್ಟು ತಿಂದ ತೀರ್ಥಹಳ್ಳಿಯವರು ಕೇಸಿಗಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ.

164ನೇ ಕಲಂ ಇನ್ನೊಂದು ದಾರಿ. ಅಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡುವುದೇ ಬೇಡ. ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಆದರೆ ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಮೊದಲು ಲೆಕ್ಕ ಹಾಕಿ ನೋಡಬೇಕು.

ಸರೋಜಕ್ಕನಿಗೆ 10% ಶಾಶ್ವತ ದುಡಿಮೆ ನಷ್ಟ ಅಂದುಕೊಳ್ಳಿ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 36ರಿಂದ 40 ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 15. 12,000 × 12 × 15, ಅದರ 10% ಅಂದರೆ 2,16,000. ಸ್ವಂತ ದುಡಿಮೆ ಇದ್ದು 40ರ ಒಳಗಿನವರಿಗೆ ಮುಂದೆ ಆದಾಯ ಏರುತ್ತದೆ ಅಂತ 40% ಸೇರಿಸಬೇಕು ಎಂದು 2017ರ ಪ್ರಣಯ್ ಸೇಥಿ ತೀರ್ಪು ಹೇಳಿದೆ. ಅದನ್ನೂ ಕೂಡಿಸಿದರೆ 3,02,400. ಆಸ್ಪತ್ರೆ ಖರ್ಚು, ನೋವು, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಸಂಪಾದನೆ ಇವೆಲ್ಲ ಇದರ ಮೇಲೆ.

ಆ 10% ಅನ್ನು ಕಣ್ಣು ಮುಚ್ಚಿ ಬರೆಯಬೇಡಿ. ಡಾಕ್ಟರ್ ಕೊಡುವುದು ದೇಹದ ಊನದ ಲೆಕ್ಕ. ಟ್ರಿಬ್ಯೂನಲ್ ನೋಡಬೇಕಾದ್ದು ಆ ಊನದಿಂದ ಇವರ ದುಡಿಮೆ ಎಷ್ಟು ಹೋಯಿತು ಅನ್ನುವುದು. ಕತ್ತರಿ ಹಿಡಿಯುವ ಕೈಯೇ ಮಡಚದಿದ್ದರೆ ಟೈಲರ್‌ಗೆ ನಷ್ಟ ಜಾಸ್ತಿ, ಅಲ್ವಾ? ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ವಿಮಾ ಕಂಪನಿ ಸುಮ್ನೆ ಕೊಡುವುದಿಲ್ಲ. ‘ಪಾಲಿಸಿ ಸ್ವಂತ ಬಳಕೆಗೆ, ಬೈಕ್ ಓಡಿದ್ದು ಬಾಡಿಗೆ ಕೆಲಸಕ್ಕೆ’ ಎಂಬ ತಕರಾರು ತೆಗೆಯಬಹುದು. ಲೈಸೆನ್ಸ್ ಇರಲಿಲ್ಲ ಅನ್ನಬಹುದು. ಲೈಸೆನ್ಸ್ ತಕರಾರಿಗೆ 2004ರ ಸ್ವರಣ್ ಸಿಂಗ್ ತೀರ್ಪು ಓದಿ: ಷರತ್ತು ಮುರಿದಿದ್ದಾರೆ ಎಂದು ಸಾಬೀತು ಮಾಡುವ ಭಾರ ಕಂಪನಿಯದು. ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಟ್ರಿಬ್ಯೂನಲ್ ಹೇಳಬಹುದು. ಆಗ ಅಣ್ಣನ ಮನೆ ಬಾಗಿಲಿಗೆ ನೋಟಿಸ್ ಬರುತ್ತದೆ.

ಇನ್ನು ಮಂಜು. ನನಗೆ ಹೆಚ್ಚು ಸಂಕಟ ಆಗುವುದು ಇವನ ವಿಷಯದಲ್ಲೇ. ತಪ್ಪು ಇವನದೇ ಆದ್ದರಿಂದ 166ರಲ್ಲಿ ಏನೂ ಸಿಗುವುದಿಲ್ಲ. ಬೈಕ್ ಪಾಲಿಸಿಯ ಜೊತೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರಬಹುದು. ಅದು ಓಡಿಸುತ್ತಿದ್ದ ಮಾಲೀಕನಿಗೆ ಮಾತ್ರ. ಇಲ್ಲಿ ಮಾಲೀಕ ಅಣ್ಣ. ಮಂಜುವೇ ಮಾಲೀಕನಾಗಿದ್ದರೂ ಸಾವು, ಕೈಕಾಲು ಅಥವಾ ಕಣ್ಣು ಹೋಗುವುದು, ಪೂರ್ತಿ ಶಾಶ್ವತ ಅಂಗವಿಕಲತೆ ಇವಕ್ಕಷ್ಟೇ ಹಣ. ಕೂಡಿಕೊಳ್ಳುವ ಮೂಳೆಗೆ ಇಲ್ಲ.

ಹಾಗಾದರೆ ಆ್ಯಪ್ ಕಂಪನಿ? ಅದು ಬೈಕಿನ ಮಾಲೀಕ ಅಲ್ಲ. ಹುಡುಗರನ್ನು ‘ಪಾಲುದಾರ’ ಎಂದು ಕರೆಯುತ್ತದೆ. ಮಾಲೀಕ–ನೌಕರ ಸಂಬಂಧ ಇದೆ ಎಂದು ತೋರಿಸಿದರೆ ಮಾತ್ರ ನೌಕರನ ತಪ್ಪಿಗೆ ಕಂಪನಿ ಹೊಣೆ. ನೌಕರರ ಪರಿಹಾರದ ಬಾಗಿಲು ಮಂಜುವಿಗೆ ತೆರೆಯುವುದೂ ಆಗಲೇ; ಮೊದಲು ಅದು 1923ರ ಕಾಯ್ದೆಯಲ್ಲಿತ್ತು, 2025ರ ನವೆಂಬರ್‌ನಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಆರ್ಡರ್ ಹಂಚುವುದು, ದರ ಕಟ್ಟುವುದು, ಐಡಿ ಬ್ಲಾಕ್ ಮಾಡುವುದು ಎಲ್ಲ ಕಂಪನಿಯ ಕೈಯಲ್ಲಿದ್ದರೆ ಅದು ಹಿಡಿತವೇ ಅಂತ ವಾದಿಸಬಹುದು. ನನ್ನ ಮಟ್ಟಿಗೆ ಆ ವಾದ ಗಟ್ಟಿ. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ ತಂದ ‘ಅಗ್ರಿಗೇಟರ್’ (ಜನರನ್ನೂ ಚಾಲಕರನ್ನೂ ಜೋಡಿಸುವ ಆ್ಯಪ್ ಕಂಪನಿ) ಪದ ಇಲ್ಲಿ ನೆರವಿಗೆ ಬರುವುದಿಲ್ಲ, ಅದು ಪ್ರಯಾಣಿಕರ ಸಾಗಣೆಗೆ ಸೀಮಿತ. 2025ರ ಕರ್ನಾಟಕದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ) ಕಾಯ್ದೆ ಊಟ ತಲುಪಿಸುವವರನ್ನೂ ಒಳಗೊಂಡಿದೆ. ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆದು ನಿಧಿ ಕಟ್ಟುವ ಕಾಯ್ದೆ ಅದು. ಸರೋಜಕ್ಕನ ಪರಿಹಾರದ ಹೊಣೆಯನ್ನು ಅದು ಕಂಪನಿಯ ಮೇಲೆ ಹಾಕುವುದಿಲ್ಲ.

ಕಂಪನಿ ಗುಂಪು ವಿಮೆ ಮಾಡಿಸಿದ್ದರೆ ಸಾಮಾನ್ಯವಾಗಿ ಕೆಲಸದಲ್ಲಿದ್ದಾಗ ಆದ ಪೆಟ್ಟಿಗೆ ಮಾತ್ರ ಅದು ಸಿಗುತ್ತದೆ. ಆದ್ದರಿಂದ ಆ ಹೊತ್ತಿನ ಆರ್ಡರ್‌ನ ಸ್ಕ್ರೀನ್‌ಶಾಟ್ ಅಂದೇ ತೆಗೆದಿಟ್ಟುಕೊಳ್ಳಬೇಕು.

ನಮ್ಮೂರುಗಳಲ್ಲಿ ಕೇಸ್ ಹಾಳಾಗುವುದು ಹೆಚ್ಚಾಗಿ ಮೊದಲ ದಿನವೇ. ಸ್ಥಳದಲ್ಲೇ ಐದು ಸಾವಿರ ಕೊಟ್ಟು ರಾಜಿ ಮಾಡುತ್ತಾರೆ, ವಾರ ಬಿಟ್ಟು ಮಣಿಕಟ್ಟಿಗೆ ಪ್ಲೇಟ್ ಹಾಕಬೇಕು ಅಂತ ಗೊತ್ತಾಗುತ್ತದೆ. ಇನ್ನು ಕೆಲವರು ಲೈಸೆನ್ಸ್ ಇಲ್ಲದ ತಮ್ಮನ ಬದಲು ಅಣ್ಣನೇ ಓಡಿಸುತ್ತಿದ್ದ ಅಂತ ಬರೆಸುತ್ತಾರೆ. ಅದು ಅಪರಾಧ, ಕ್ಲೇಮಿಗೂ ಏಟು. ಆಸ್ಪತ್ರೆಯಲ್ಲಿ ‘ಬೈಕ್ ಗುದ್ದಿದ್ದು’ ಎಂದು ಸರಿಯಾಗಿ ಹೇಳಿ, ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ ಅಂದರೆ ಎಂಎಲ್‌ಸಿ ಮಾಡಿಸಿ. ‘ಜಾರಿ ಬಿದ್ದೆ’ ಎಂದು ಬರೆಸಿದ ಒಂದು ಸಾಲು ವರ್ಷಗಟ್ಟಲೆ ಕಾಡುತ್ತದೆ. ಎಫ್‌ಐಆರ್, ಮಹಜರು, ಗಾಯದ ಸರ್ಟಿಫಿಕೇಟ್, ಔಷಧಿ ಬಿಲ್ಲುಗಳನ್ನು ಒಂದೇ ಫೈಲಿನಲ್ಲಿ ಇಡಿ. ಕಾಯ್ದೆಯಲ್ಲಿ ಅರ್ಜಿಗೆ ಇರುವ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಪ್ಲಾಸ್ಟರ್ ಬಿಚ್ಚಿಸಿ, ಫಿಸಿಯೋಥೆರಪಿ ಮುಗಿಸುವಷ್ಟರಲ್ಲಿ ಅದರಲ್ಲಿ ಅರ್ಧ ಕಳೆದಿರುತ್ತದೆ.