ಕೆಲಸದ ವಾರ ಕಿರಿದಾಗುವುದು ಹೇಗೆ? ಉತ್ಪಾದಕತೆಯ ಗಳಿಕೆ ಯಾರ ಪಾಲಿಗೆ?

ಯಂತ್ರಗಳು ಸುಧಾರಿಸಿ ಗಂಟೆಗೆ ಹೆಚ್ಚು ಸರಕು ತಯಾರಾಗತೊಡಗಿದ ಮೇಲೆ ದುಡಿಯುವ ಅವಧಿ ತಾನಾಗಿಯೇ ಇಳಿಯಬೇಕಲ್ಲವೇ? ಕಾರ್ಮಿಕ ಅರ್ಥಶಾಸ್ತ್ರ ಓದುವ ನಮಗೆಲ್ಲ ಮೊದಲು ಎದುರಾಗುವ ಪ್ರಶ್ನೆ ಇದು. ಸಣ್ಣ ಲೆಕ್ಕವೊಂದನ್ನು ಕಾಗದದ ಮೇಲೆ ಬರೆದುಕೊಂಡರೆ ದಾರಿ ಸುಲಭವಾಗುತ್ತದೆ.

ಒಬ್ಬ ಕಾರ್ಮಿಕ ವಾರಕ್ಕೆ 40 ಗಂಟೆ ದುಡಿದು 280 ಬಿಡಿಭಾಗ ತಯಾರಿಸುತ್ತಾನೆ ಎಂದಿಟ್ಟುಕೊಳ್ಳಿ. ಅಂದರೆ ಗಂಟೆಗೆ 7. ವಾರದ ಕೂಲಿ 2,800 ರೂಪಾಯಿ, ಗಂಟೆಗೆ 70. ಹಾಗಾದರೆ ಒಂದು ಬಿಡಿಭಾಗಕ್ಕೆ ತಗಲುವ ಕೂಲಿ 10 ರೂಪಾಯಿ. ಈಗ ಗಂಟೆಗೆ 8 ಆಗತೊಡಗಿದರೆ ಅದೇ 280 ಬಿಡಿಭಾಗ 35 ಗಂಟೆಯಲ್ಲಿ ಮುಗಿಯುತ್ತದೆ. ವಾರದ ಕೂಲಿಯನ್ನು 2,800ರಲ್ಲೇ ಉಳಿಸಿ. ಗಂಟೆಯ ದರ 80ಕ್ಕೆ ಏರುತ್ತದೆ, ಬಿಡಿಭಾಗದ ಕೂಲಿ ಮಾತ್ರ 10 ರೂಪಾಯಿಯಲ್ಲೇ ನಿಲ್ಲುತ್ತದೆ. ಮಾಲೀಕನ ಕೂಲಿ ವೆಚ್ಚ ಒಂದು ಪೈಸೆಯೂ ಹೆಚ್ಚಲಿಲ್ಲ, ಕಾರ್ಮಿಕನಿಗೆ ವಾರಕ್ಕೆ 5 ಗಂಟೆ ಉಳಿಯಿತು. ಹೊಸ ಯಂತ್ರಕ್ಕೆ ಹಾಕಿದ ಬಂಡವಾಳ ಬೇರೆ ಇದೆ, ಅದನ್ನು ಮರೆಯುವಂತಿಲ್ಲ. ಪರೀಕ್ಷೆಯಲ್ಲಿ ಹಲವರು ಎಡವುವ ಜಾಗವೂ ಇಲ್ಲೇ ಇದೆ: ಅವಧಿ ಇಳಿದದ್ದು (40ರಿಂದ 35ಕ್ಕೆ) ಶೇ 12.5, ಅದಕ್ಕೆ ಬೇಕಾದ ಉತ್ಪಾದಕತೆಯ, ಅಂದರೆ ಗಂಟೆಯ ಉತ್ಪಾದನೆಯ, ಏರಿಕೆ (7ರಿಂದ 8ಕ್ಕೆ) ಶೇ 14.3. ಎರಡೂ ಒಂದೇ ಎಂದು ಬರೆಯಬೇಡಿ.

ಆದರೆ ಇದೇ ಗಳಿಕೆ ಬೇರೆ ಕಡೆಗೂ ಹರಿಯಬಹುದು. 40 ಗಂಟೆಯನ್ನೇ ಮುಂದುವರಿಸಿ 320 ಬಿಡಿಭಾಗ ಮಾಡಿಸಿದರೆ ಹೆಚ್ಚುವರಿ 40ರ ಮೌಲ್ಯ ಲಾಭವಾಗಬಹುದು, ಕೂಲಿ ಏರಿಕೆಯಾಗಬಹುದು, ಸರಕಿನ ಬೆಲೆ ಇಳಿಕೆಯಾಗಬಹುದು. ಎಂಟು ಜನರ ಕೆಲಸವನ್ನು ಏಳು ಜನರಿಂದ ಮಾಡಿಸಿ ಒಬ್ಬರನ್ನು ಮನೆಗೆ ಕಳುಹಿಸಲೂಬಹುದು. ಇವುಗಳಲ್ಲಿ ಯಾವುದಾಗಬೇಕು ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ. ಅದು ಚೌಕಾಸಿಯ ಬಲಕ್ಕೆ ಮತ್ತು ಕಾನೂನಿಗೆ ಬಿಟ್ಟ ವಿಷಯ. ಈ ಅಧ್ಯಾಯದ ತಿರುಳು ಇಷ್ಟೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಜರ್ಮನಿಯ ಲೋಹ ಕಾರ್ಮಿಕರ ಸಂಘ ಐಜಿ ಮೆಟಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಪಶ್ಚಿಮ ಜರ್ಮನಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿದ್ದ ಕಾಲ. ಕೂಲಿ ಕಡಿತವಿಲ್ಲದೆ ವಾರಕ್ಕೆ 35 ಗಂಟೆ ಬೇಕು, ಇರುವ ಕೆಲಸ ಹೆಚ್ಚು ಜನರಿಗೆ ಹಂಚಿಕೆಯಾಗಬೇಕು ಎಂದು ಸಂಘ 1984ರಲ್ಲಿ ಮುಷ್ಕರ ಹೂಡಿತು. ಮಾಲೀಕರು ಬೀಗಮುದ್ರೆ ಹಾಕಿದರು. ಸುಮಾರು ಏಳು ವಾರಗಳ ಹಗ್ಗಜಗ್ಗಾಟದ ನಂತರ, ಮಧ್ಯಸ್ಥಿಕೆಯಿಂದ ಒಪ್ಪಂದವಾಯಿತು. ಸಿಕ್ಕಿದ್ದು 35 ಅಲ್ಲ: 1985ರಿಂದ ಸರಾಸರಿ 38.5 ಗಂಟೆ. ಬದಲಿಗೆ, ಕೆಲಸದ ವೇಳೆಯನ್ನು ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ಅವಕಾಶವನ್ನು ಮಾಲೀಕರು ಪಡೆದುಕೊಂಡರು. ಮುಂದೆ ಒಂದೊಂದೇ ಒಪ್ಪಂದದಲ್ಲಿ ಅರ್ಧ ಗಂಟೆ, ಒಂದು ಗಂಟೆ ಇಳಿಯುತ್ತ 1995ರಲ್ಲಿ 35 ಗಂಟೆ ಜಾರಿಗೆ ಬಂದಿತು. ನಮ್ಮ ಲೆಕ್ಕದ ಶೇ 14.3ನ್ನು ಈ ಹತ್ತು ವರ್ಷಗಳಿಗೆ ಚಕ್ರಬಡ್ಡಿಯ ಲೆಕ್ಕದಲ್ಲಿ ಹಂಚಿ ನೋಡಿ, ವರ್ಷಕ್ಕೆ ಸುಮಾರು ಶೇ 1.3 ಬರುತ್ತದೆ. ಹಂತ ಹಂತವಾಗಿ ಇಳಿಸಿದರೆ ಬೇಡಿಕೆ ಎಷ್ಟು ಸಾಧಾರಣದ್ದು ಎಂಬುದು ಆಗ ಕಾಣುತ್ತದೆ. ಪೂರ್ವ ಭಾಗದ ಕಾರ್ಮಿಕರಿಗೂ ಅದೇ ಅವಧಿ ಬೇಕೆಂದು 2003ರಲ್ಲಿ ನಡೆದ ಮುಷ್ಕರ ಸೋತಿತು. ಒಂದೇ ದೇಶ, ಒಂದೇ ಸಂಘ; ಬಲ ಕಡಿಮೆ ಇದ್ದಲ್ಲಿ ಗಂಟೆಗಳು ಇಳಿಯಲಿಲ್ಲ.

ಐಸ್‌ಲ್ಯಾಂಡ್‌ನ ಪ್ರಯೋಗಗಳನ್ನು (2015ರಿಂದ 2019) ಚಿಕ್ಕದಾಗಿ ನೆನಪಿಟ್ಟುಕೊಂಡರೆ ಸಾಕು: ರೇಕ್ಯಾವಿಕ್ ನಗರಾಡಳಿತ ಮತ್ತು ಸರ್ಕಾರಿ ಕಚೇರಿಗಳ 2,500ಕ್ಕೂ ಹೆಚ್ಚು ನೌಕರರು, 40 ಗಂಟೆಯಿಂದ 35 ಅಥವಾ 36ಕ್ಕೆ, ಸಂಬಳ ಕಡಿತವಿಲ್ಲ.

ಎರಡು ಗೊಂದಲಗಳನ್ನು ಮಾತ್ರ ನಿಧಾನವಾಗಿ ಬಿಡಿಸಿಕೊಳ್ಳಬೇಕು. ಮೊದಲನೆಯದು, ಉತ್ಪಾದಕತೆ ಬೇರೆ, ದುಡಿಮೆಯ ಬಿರುಸು ಬೇರೆ. ಬೆಂಗಳೂರಿನ ಗಾರ್ಮೆಂಟ್ಸ್ ಲೈನಿನಲ್ಲಿ ಕಾಲರ್ ಹೊಲಿಯುವ ಹೆಣ್ಣುಮಗಳೊಬ್ಬಳನ್ನು ಕಣ್ಣಮುಂದೆ ತಂದುಕೊಳ್ಳಿ. ಅವಳ ಟಾರ್ಗೆಟ್ ಗಂಟೆಗೆ 80 ಪೀಸ್‌ನಿಂದ 100ಕ್ಕೆ ಏರಿತು ಎನ್ನೋಣ. ದಾರ ತಾನೇ ಕತ್ತರಿಸುವ ಮೆಷಿನ್ ಬಂದು ಅದು ಸಾಧ್ಯವಾದರೆ ಉತ್ಪಾದಕತೆ ಏರಿದೆ. ಮೆಷಿನ್ ಹಳೆಯದೇ ಇದ್ದು, ಅವಳು ನೀರು ಕುಡಿಯುವುದನ್ನೂ ಶೌಚಾಲಯಕ್ಕೆ ಹೋಗುವುದನ್ನೂ ಕಡಿಮೆ ಮಾಡಿ 100 ಮುಟ್ಟಿಸಿದರೆ ಏರಿದ್ದು ಅವಳ ಮೈ ಮೇಲಿನ ಭಾರ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಅಂಕಿಯಾಗಿ ಕಾಣುತ್ತವೆ. ಹಾಗಾಗಿಯೇ ಗಂಟೆ ಇಳಿಸುವ ಒಪ್ಪಂದದಲ್ಲಿ ಟಾರ್ಗೆಟ್ಟಿನ ಮಾತೂ ಇರಬೇಕು. ಇಲ್ಲದಿದ್ದರೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ.

ಎರಡನೆಯದು, 'ವಾರಕ್ಕೆ ನಾಲ್ಕೇ ದಿನ ಕೆಲಸ' ಎಂಬ ಸುದ್ದಿ. ದಿನಕ್ಕೆ 12 ಗಂಟೆಯಂತೆ ನಾಲ್ಕು ದಿನ ಎಂದರೆ, ನಮ್ಮ ಕಾನೂನಿನಲ್ಲಿರುವ ವಾರದ ಮಿತಿಯಾದ ಅದೇ 48 ಗಂಟೆ. ದಿನಗಳು ಕಡಿಮೆಯಾದವು, ದುಡಿಮೆ ಕಡಿಮೆಯಾಗಲಿಲ್ಲ. ಉತ್ಪಾದಕತೆಯ ಗಳಿಕೆಯಲ್ಲಿ ಕಾರ್ಮಿಕರಿಗೆ ಇಲ್ಲಿ ಯಾವ ಪಾಲೂ ಸಿಕ್ಕಿಲ್ಲ.

ಈ 48 ನಮ್ಮಲ್ಲಿ ಎಲ್ಲಿಂದ ಬಂತು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಮೊದಲ ಒಪ್ಪಂದವೇ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದಿತ್ತು. ಆದರೆ ಬ್ರಿಟಿಷ್ ಇಂಡಿಯಾಕ್ಕೆ ವಿನಾಯಿತಿ ಕೊಟ್ಟು ವಾರಕ್ಕೆ 60 ಗಂಟೆ ನಿಗದಿಪಡಿಸಲಾಯಿತು. ಅದರಂತೆ 1922ರಲ್ಲಿ ಕಾರ್ಖಾನೆ ಕಾನೂನಿನ ಮಿತಿ 60 ಆಯಿತು. ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಅದು 1934ರಲ್ಲಿ 54ಕ್ಕೆ ಇಳಿಯಿತು. ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಬಿ.ಆರ್. ಅಂಬೇಡ್ಕರ್ ಕಾರ್ಮಿಕ ಸದಸ್ಯರಾಗಿದ್ದಾಗ ರೂಪುಗೊಂಡ ತಿದ್ದುಪಡಿಯಿಂದ 1946ರಲ್ಲಿ 48 ಆಯಿತು. 1948ರ ಕಾರ್ಖಾನೆಗಳ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಕುರಿತ 2020ರ ಕೇಂದ್ರ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆ, ವಾರಕ್ಕೆ 6 ದಿನ. ಗಮನಿಸಿ: 24 ವರ್ಷಗಳಲ್ಲಿ 12 ಗಂಟೆ ಇಳಿಯಿತು. ಸ್ವಾತಂತ್ರ್ಯ ಬಂದ ಮೇಲೆ, ಕೈಮಗ್ಗದ ಕಾಲದಿಂದ ಕಂಪ್ಯೂಟರ್ ಕಾಲಕ್ಕೆ ಬಂದರೂ ಒಂದು ಗಂಟೆಯೂ ಇಳಿದಿಲ್ಲ.

ಕಾರ್ಖಾನೆಗಳ ಕಾಯ್ದೆಗೆ ಕರ್ನಾಟಕ 2023ರಲ್ಲಿ ತಂದ ತಿದ್ದುಪಡಿಯನ್ನು ಈ ಬೆಳಕಿನಲ್ಲಿ ಓದಿ. ಕಾರ್ಮಿಕರ ಲಿಖಿತ ಒಪ್ಪಿಗೆ ಇದ್ದರೆ ದಿನದ ಅವಧಿಯನ್ನು 12 ಗಂಟೆಯವರೆಗೆ ವಿಸ್ತರಿಸಲು ಅದು ಅವಕಾಶ ಕೊಟ್ಟಿತು. ವಾರದ ಮಿತಿ 48ರಲ್ಲೇ ಉಳಿಯಿತು, ನಿಜ. ಆದರೆ ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ (ಓವರ್‌ಟೈಮ್, ಹೆಚ್ಚುವರಿ ದುಡಿಮೆ) ಮಿತಿ 144 ಗಂಟೆಗೆ ಏರಿತು. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕು, ಅದೂ ನಿಜ. 144ನ್ನು 13 ವಾರಗಳಿಗೆ ಭಾಗಿಸಿದರೆ ವಾರಕ್ಕೆ ಸುಮಾರು 11 ಗಂಟೆ. 48ಕ್ಕೆ 11 ಕೂಡಿಸಿದರೆ 59. 1922ರ ಮಿತಿಗೆ ಇನ್ನು ಒಂದೇ ಗಂಟೆಯ ಅಂತರ.